1569ರ ಉತ್ತರ ಇಂಗ್ಲೆಂಡಿನ ದಂಗೆ: ಕಾರಣಗಳನ್ನು ಹಂತಹಂತವಾಗಿ ಬಿಡಿಸಿ ನೋಡುವುದು ಹೇಗೆ?

1569ರ ನವೆಂಬರ್ 14ರಂದು ನಾರ್ತಂಬರ್ಲೆಂಡ್ ಮತ್ತು ವೆಸ್ಟ್‌ಮರ್ಲೆಂಡ್‌ನ ಇಬ್ಬರು ಅರ್ಲ್‌ಗಳು (ಅರ್ಲ್ ಎಂದರೆ ದೊಡ್ಡ ಸರದಾರ) ತಮ್ಮ ಜನರನ್ನು ಕಟ್ಟಿಕೊಂಡು ಡರ್ಹಮ್ ಕೆಥೆಡ್ರಲ್‌ಗೆ ನುಗ್ಗಿದರು. ಅಲ್ಲಿದ್ದ ಪ್ರೊಟೆಸ್ಟೆಂಟ್ ಪ್ರಾರ್ಥನೆಯ ಮೇಜನ್ನು ಉರುಳಿಸಿದರು. ಇಂಗ್ಲಿಷ್ ಬೈಬಲನ್ನೂ ಪ್ರಾರ್ಥನಾ ಪುಸ್ತಕವನ್ನೂ ಹರಿದು ಹಾಕಿದರು. ಕ್ಯಾಥೊಲಿಕರ ಹಳೆಯ ಲ್ಯಾಟಿನ್ ಬಲಿಪೂಜೆ ಅಲ್ಲಿ ಮತ್ತೆ ಕೇಳಿಸಿತು. ಐದು ವಾರಗಳಲ್ಲಿ ಎಲ್ಲವೂ ಮುಗಿದು, ಆ ಅರ್ಲ್‌ಗಳು ಗಡಿ ದಾಟಿ ಸ್ಕಾಟ್ಲೆಂಡಿಗೆ ಓಡಿಹೋಗಿದ್ದರು.

ಈ ದಂಗೆ ಯಾಕಾಯಿತು ಎಂದು ಕೇಳಿದರೆ ಎಲ್ಲ ಗೈಡುಗಳಲ್ಲೂ ಒಂದು ಸಿದ್ಧ ಉತ್ತರ ಇರುತ್ತದೆ. ರಾಣಿ ಎಲಿಜಬೆತ್ ಪ್ರೊಟೆಸ್ಟೆಂಟ್, ಉತ್ತರದ ಜನ ಕ್ಯಾಥೊಲಿಕರು, ಸ್ಕಾಟ್ಲೆಂಡಿನ ರಾಣಿಯಾಗಿದ್ದ ಕ್ಯಾಥೊಲಿಕ್ ಮೇರಿ ಇಂಗ್ಲೆಂಡಿನ ಸಿಂಹಾಸನಕ್ಕೆ ಇನ್ನೊಬ್ಬ ಹಕ್ಕುದಾರಳು, ಅದಕ್ಕೇ ದಂಗೆ. ಇದು ಸುಳ್ಳಲ್ಲ. ಆದರೆ ಇದರಿಂದ ಏನೂ ತಿಳಿದಂತೆ ಆಗುವುದಿಲ್ಲ. ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ. ಹನ್ನೊಂದು ವರ್ಷ ಸುಮ್ಮನಿದ್ದವರು ಆ ಚಳಿಗಾಲದಲ್ಲೇ ಯಾಕೆ ಎದ್ದರು? ಲ್ಯಾಂಕಾಶೈರ್‌ನಲ್ಲಿ ಕ್ಯಾಥೊಲಿಕರಿಗೆ ಕೊರತೆ ಇರಲಿಲ್ಲ. ಅಲ್ಲಿ ಯಾಕೆ ಯಾರೂ ಏಳಲಿಲ್ಲ? ಮೇರಿ ಇಂಗ್ಲೆಂಡಿಗೆ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನ ಕಾದದ್ದೇಕೆ?

ಪರೀಕ್ಷೆಗೆ ಓದುವವರಿರಲಿ, ಇತಿಹಾಸದ ಮೇಲಿನ ಪ್ರೀತಿಯಿಂದ ಓದುವವರಿರಲಿ, ಕೆಳಗಿನ ಹಂತಗಳನ್ನು ಒಂದೊಂದಾಗಿ ಹಿಡಿದು ನಡೆದರೆ ಈ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಹುದು. ಪ್ರತಿ ಕಾರಣ ಸಿಕ್ಕಾಗಲೂ ಅದನ್ನು ಹೀಗೆ ಕೇಳಿ: ಯಾಕೆ ಆಗ, ಯಾಕೆ ಅಲ್ಲಿ, ಯಾಕೆ ಅವರು? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಕೊಡದ ಕಾರಣ ಬರೀ ಹಿನ್ನೆಲೆ ಅಷ್ಟೇ.

ಹಂತ 1: ಮೊದಲು ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಗೆ ಬರೆಯಿರಿ. 1559: ರಾಣಿಯೇ ಧರ್ಮಸಭೆಯ ಮುಖ್ಯಸ್ಥೆ ಎನ್ನುವ ಕಾಯ್ದೆ, ಎಲ್ಲ ಕಡೆ ಒಂದೇ ಇಂಗ್ಲಿಷ್ ಪ್ರಾರ್ಥನೆ ಎನ್ನುವ ಕಾಯ್ದೆ. ಮೇ 1568: ಮೇರಿ ಇಂಗ್ಲೆಂಡಿಗೆ ಬಂದಳು. ಡಿಸೆಂಬರ್ 1568: ಸ್ಪೇನ್‌ನ ಸೈನ್ಯದ ಸಂಬಳಕ್ಕೆ ಹೋಗುತ್ತಿದ್ದ ಹಣದ ಹಡಗುಗಳನ್ನು ಇಂಗ್ಲೆಂಡ್ ತಡೆಹಿಡಿಯಿತು. ಅಕ್ಟೋಬರ್ 1569: ಮೇರಿಯನ್ನು ಮದುವೆಯಾಗಲು ಹೊರಟಿದ್ದ ನಾರ್ಫೋಕ್‌ನ ಡ್ಯೂಕ್ ಬಂಧನ. ನವೆಂಬರ್ 1569: ದಂಗೆ. ಫೆಬ್ರವರಿ 25, 1570: ಪೋಪ್ ಐದನೇ ಪಿಯುಸ್ ಎಲಿಜಬೆತ್‌ಗೆ ಧರ್ಮಬಹಿಷ್ಕಾರ ಹಾಕಿದ ಆಜ್ಞಾಪತ್ರ.

ಕೊನೆಯ ಸಾಲಿಗೆ ಕೆಂಪು ಗೆರೆ ಎಳೆಯಿರಿ. ಪೋಪ್ ಬಹಿಷ್ಕಾರ ಹಾಕಿದ್ದರಿಂದ ದಂಗೆಯಾಯಿತು ಎಂದು ಬರೆಯುವವರು ತುಂಬಾ ಜನ. ಆ ಆಜ್ಞಾಪತ್ರ ಹೊರಟದ್ದು ದಂಗೆ ಮುಗಿದು ಎರಡು ತಿಂಗಳಾದ ಮೇಲೆ. ಅರ್ಲ್‌ಗಳು ನವೆಂಬರ್‌ನಲ್ಲಿ ಪೋಪ್‌ಗೆ ಪತ್ರ ಬರೆದಿದ್ದು ನಿಜ. ಉತ್ತರ ಬರುವಷ್ಟರಲ್ಲಿ ಅವರು ದೇಶದಲ್ಲೇ ಇರಲಿಲ್ಲ.

ಇದರಲ್ಲಿ ಇನ್ನೂ ಒಂದು ವಿಷಯ ಇದೆ. ಬಹಿಷ್ಕಾರ ಇರಲಿಲ್ಲ ಎನ್ನುವುದೇ ಸಂಚುಗಾರರಿಗೆ ದೊಡ್ಡ ತಲೆನೋವಾಗಿತ್ತು. ಪಟ್ಟಾಭಿಷೇಕವಾದ ರಾಣಿಯ ವಿರುದ್ಧ ಕತ್ತಿ ಎತ್ತುವುದು ಪಾಪವಲ್ಲವೇ ಎಂದು ಅವರು ಪಾದ್ರಿಗಳನ್ನು ಕೇಳಿದರು. ಪೋಪ್ ಬಹಿಷ್ಕಾರ ಹಾಕುವ ತನಕ ಧರ್ಮಸಮ್ಮತವಲ್ಲ ಎಂದವರೂ ಇದ್ದರು. ನಂಬಿಕೆ ಇವರನ್ನು ದಂಗೆಯತ್ತ ತಳ್ಳಿತು, ಅದೇ ನಂಬಿಕೆ ಹಿಂದಕ್ಕೂ ಎಳೆಯಿತು.

ಹಂತ 2: ಮೇರಿಯ ಹಕ್ಕು ಎಷ್ಟು ಗಟ್ಟಿ ಎಂದು ನೋಡಿ

ವಂಶವೃಕ್ಷ ಬರೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಏಳನೇ ಹೆನ್ರಿಯ ಮಗಳು ಮಾರ್ಗರೆಟ್ ಸ್ಕಾಟ್ಲೆಂಡಿನ ರಾಜನನ್ನು ಮದುವೆಯಾದಳು. ಅವಳ ಮಗ ಐದನೇ ಜೇಮ್ಸ್. ಅವನ ಮಗಳು ಮೇರಿ. ಅಂದರೆ ಮೇರಿ ಏಳನೇ ಹೆನ್ರಿಯ ಮರಿಮಗಳು, ಎಲಿಜಬೆತ್ ಮೊಮ್ಮಗಳು.

ಲೆಕ್ಕದಲ್ಲಿ ಎಲಿಜಬೆತ್ ಹತ್ತಿರದವಳು. ಆದರೆ ಕ್ಯಾಥೊಲಿಕರ ಕಣ್ಣಲ್ಲಿ ಎಂಟನೇ ಹೆನ್ರಿ ಮೊದಲ ಹೆಂಡತಿ ಬದುಕಿರುವಾಗ ಆನ್ ಬೊಲಿನ್‌ಳನ್ನು ಕಟ್ಟಿಕೊಂಡದ್ದು ಮದುವೆಯೇ ಅಲ್ಲ. ಹಾಗಾಗಿ ಎಲಿಜಬೆತ್ ಸಕ್ರಮ ಸಂತಾನವಲ್ಲ. 1536ರಲ್ಲಿ ಹೆನ್ರಿಯ ಪಾರ್ಲಿಮೆಂಟೇ ಹಾಗೆ ಘೋಷಿಸಿತ್ತು. ಆಮೇಲೆ 1544ರ ಕಾಯ್ದೆ ಅವಳನ್ನು ವಾರಸುದಾರರ ಸಾಲಿಗೆ ಸೇರಿಸಿತು, ಆದರೆ ಸಕ್ರಮ ಸಂತಾನ ಎಂದು ಹೇಳಲಿಲ್ಲ. ಈ ಬಿರುಕು ಕಾನೂನಿನಲ್ಲಿ ಹಾಗೇ ಉಳಿಯಿತು.

ಮೇರಿಯ ಕಡೆಯೂ ತೊಡಕುಗಳಿದ್ದವು. ಹೆನ್ರಿಯ ಉಯಿಲು ಸ್ಕಾಟ್ಲೆಂಡಿನ ಶಾಖೆಯನ್ನು ಬದಿಗಿಟ್ಟಿತ್ತು. 1567ರಲ್ಲಿ ಅವಳ ಗಂಡ ಡಾರ್ನ್ಲಿ ಕೊಲೆಯಾದ. ಕೊಲೆಯ ಆರೋಪ ಹೊತ್ತ ಬಾತ್‌ವೆಲ್‌ನನ್ನೇ ಅವಳು ಮೂರು ತಿಂಗಳಲ್ಲಿ ಮದುವೆಯಾದಳು, ಅದೂ ಪ್ರೊಟೆಸ್ಟೆಂಟ್ ವಿಧಿಯಲ್ಲಿ. ಇದು ಕ್ಯಾಥೊಲಿಕ್ ಯುರೋಪಿಗೇ ಮುಜುಗರ ತಂದಿತ್ತು. ಹಾಗಾಗಿ ಮೇರಿಯನ್ನು ಎಲ್ಲ ಕ್ಯಾಥೊಲಿಕರೂ ಕಣ್ಣುಮುಚ್ಚಿ ಹೊತ್ತುಕೊಂಡರು ಎಂದು ಬರೆಯಬೇಡಿ. ಎಲಿಜಬೆತ್‌ಗೆ ಮದುವೆಯಿಲ್ಲ, ಮಕ್ಕಳಿಲ್ಲ, ಅವಳ ನಂತರ ಯಾರು ಎನ್ನುವುದು ತೀರ್ಮಾನವಾಗಿಲ್ಲ. ಆ ಖಾಲಿ ಜಾಗವೇ ಮೇರಿಗೆ ಬೆಲೆ ತಂದುಕೊಟ್ಟಿತು.

ಹಂತ 3: ಧರ್ಮದ ಕಾರಣವನ್ನು ಲಂಡನ್ನಿನಿಂದಲ್ಲ, ಊರಿನಿಂದ ನೋಡಿ

ಈ ಹಂತದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. 1559ರ ಕಾಯ್ದೆಯಂತೆ ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಪುಸ್ತಕದಲ್ಲಿ ಓದುವಾಗ ಇದು ಒಂದು ಸಾಲು. ಮೊದಲ ಹತ್ತು ವರ್ಷ ಉತ್ತರದಲ್ಲಿ ಇದರ ಬಿಸಿ ಅಷ್ಟಾಗಿ ತಟ್ಟಲೂ ಇಲ್ಲ. ಹಳೆಯ ಪಾದ್ರಿಗಳೇ ಹೊಸ ಪುಸ್ತಕ ಹಿಡಿದು ಹಳೆಯ ರೀತಿ ನಡೆಸುತ್ತಿದ್ದ ಊರುಗಳಿದ್ದವು. ಬಲಿಪೀಠದ ಕಲ್ಲುಗಳನ್ನು ಒಡೆಯುವ ಬದಲು ಜನ ಅಡಗಿಸಿಟ್ಟಿದ್ದರು.

ಡರ್ಹಮ್‌ನಲ್ಲಿ ಮಾತ್ರ ಹೊಸ ಧರ್ಮ ನೇರವಾಗಿ ಜನರ ಮುಖಕ್ಕೇ ಬಂದು ನಿಂತಿತು. ಬಿಷಪ್ ಜೇಮ್ಸ್ ಪಿಲ್ಕಿಂಗ್ಟನ್, ಕೆಥೆಡ್ರಲ್ ನೋಡಿಕೊಳ್ಳುವ ಮುಖ್ಯ ಪಾದ್ರಿಯಾದ ಡೀನ್ ವಿಲಿಯಂ ವಿಟಿಂಗ್‌ಹಮ್ ಇಬ್ಬರೂ ಗಡುಸು ಪ್ರೊಟೆಸ್ಟೆಂಟರು. ಇಬ್ಬರೂ ಹಿಂದಿನ ಕ್ಯಾಥೊಲಿಕ್ ರಾಣಿಯ ಕಾಲದಲ್ಲಿ ಪರದೇಶದಲ್ಲಿ ತಲೆಮರೆಸಿಕೊಂಡಿದ್ದು ಬಂದವರು. ಡರ್ಹಮ್ ಎಂದರೆ ಸಂತ ಕತ್‌ಬರ್ಟ್‌ನ ಸಮಾಧಿ ಇರುವ ಊರು. ಉತ್ತರದ ಸೈನ್ಯ ಯುದ್ಧಕ್ಕೆ ಹೊರಟಾಗ ಅವನ ಧ್ವಜ ಮುಂದೆ ಹೋಗುತ್ತಿತ್ತು. ಆ ಧ್ವಜವನ್ನು ಡೀನ್‌ನ ಹೆಂಡತಿ ಸುಟ್ಟು ಹಾಕಿದಳು ಎಂದು ಅಲ್ಲಿನ ಹಳೆಯ ಬರಹವೊಂದು ಹೇಳುತ್ತದೆ. ಕೆಥೆಡ್ರಲ್ ಬಾಗಿಲಲ್ಲಿ ಪವಿತ್ರ ಜಲ ತುಂಬಿಡುತ್ತಿದ್ದ ಕಲ್ಲಿನ ತೊಟ್ಟಿಗಳನ್ನು ಡೀನ್ ತನ್ನ ಅಡುಗೆಮನೆಗೆ ಸಾಗಿಸಿದ. ಅವುಗಳಲ್ಲಿ ದನದ ಮಾಂಸ, ಉಪ್ಪು ಮೀನು ನೆನೆಹಾಕುತ್ತಿದ್ದರು ಎನ್ನುತ್ತದೆ ಅದೇ ಬರಹ.

ಆ ತೊಟ್ಟಿಯಲ್ಲಿ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ ಅಜ್ಜಿಗೆ ಇದನ್ನು ಕೇಳಿದಾಗ ಏನನ್ನಿಸಿರಬೇಡ! ಕಾಯ್ದೆಯ ಕಲಂಗಳಿಗಿಂತ ಇಂಥ ಸಂಗತಿಗಳೇ ಜನರ ಮನಸ್ಸಿನಲ್ಲಿ ಉಳಿಯುತ್ತವೆ. ‘ಯಾಕೆ ಅಲ್ಲಿ’ ಎನ್ನುವ ಪ್ರಶ್ನೆಗೆ ದೊಡ್ಡ ಉತ್ತರ ಇಲ್ಲೇ ಇದೆ.

ಸೆಡ್ಜ್‌ಫೀಲ್ಡ್ ಎಂಬ ಊರನ್ನೂ ಗುರುತು ಹಾಕಿಕೊಳ್ಳಿ. ದಂಗೆಯ ಸುದ್ದಿ ಬಂದ ಕೂಡಲೇ ಅಲ್ಲಿನ ಜನ ಬಚ್ಚಿಟ್ಟಿದ್ದ ಬಲಿಪೀಠದ ಕಲ್ಲನ್ನು ಹಗ್ಗ ಹಾಕಿ ಎಳೆದುಕೊಂಡು ಬಂದು ಮತ್ತೆ ಚರ್ಚಿನಲ್ಲಿ ಕೂರಿಸಿದರು. ಪ್ರೊಟೆಸ್ಟೆಂಟ್ ಪುಸ್ತಕಗಳನ್ನು ಗುಡ್ಡೆ ಹಾಕಿ ಸುಟ್ಟರು. ಇದು ಆಮೇಲೆ ಡರ್ಹಮ್‌ನ ಧರ್ಮ ನ್ಯಾಯಾಲಯದಲ್ಲಿ ಸಾಕ್ಷಿಗಳು ಕೊಟ್ಟ ಹೇಳಿಕೆಗಳಿಂದ ನಮಗೆ ಗೊತ್ತಾಗಿದೆ. ಯಾವ ಅರ್ಲ್ ಕೂಡ ಅಷ್ಟು ಭಾರದ ಕಲ್ಲನ್ನು ಇವರಿಂದ ಎಳೆಸಬೇಕಾಗಿರಲಿಲ್ಲ. ಆ ಕಲ್ಲು ಎಲ್ಲಿದೆ ಎಂದು ಊರಿಗೇ ಗೊತ್ತಿತ್ತು.

ರಾಣಿಯ ಕಡೆಯವನಾಗಿ ಉತ್ತರಕ್ಕೆ ಬಂದ ಸರ್ ರಾಲ್ಫ್ ಸ್ಯಾಡ್ಲರ್ ಡಿಸೆಂಬರ್‌ನಲ್ಲಿ ಬರೆದ ಪತ್ರವೂ ಇದಕ್ಕೆ ಸಾಕ್ಷಿ. ಧರ್ಮದ ವಿಷಯದಲ್ಲಿ ರಾಣಿ ಮಾಡುತ್ತಿರುವುದನ್ನು ಮೆಚ್ಚುವ ದೊಡ್ಡ ಮನೆತನದವರು ಈ ಸೀಮೆಯಲ್ಲಿ ಹತ್ತು ಜನ ಕೂಡ ಇಲ್ಲ ಎಂದು ಅವನು ಒಪ್ಪಿಕೊಂಡಿದ್ದ.

ಹಂತ 4: ಇಬ್ಬರು ಅರ್ಲ್‌ಗಳನ್ನು ಬೇರೆಬೇರೆಯಾಗಿ ಓದಿ

‘ಉತ್ತರದ ಅರ್ಲ್‌ಗಳು’ ಎಂದು ಒಂದೇ ಉಸಿರಿಗೆ ಹೇಳಿಬಿಡುವುದು ರೂಢಿ. ಅವರಿಬ್ಬರ ಕಥೆ ಒಂದೇ ಅಲ್ಲ.

ನಾರ್ತಂಬರ್ಲೆಂಡ್‌ನ ಏಳನೇ ಅರ್ಲ್ ಥಾಮಸ್ ಪರ್ಸಿ. ಅವನ ತಂದೆಯನ್ನು 1537ರಲ್ಲಿ ಎಂಟನೇ ಹೆನ್ರಿ ಗಲ್ಲಿಗೇರಿಸಿದ್ದ. ಹೆನ್ರಿಯ ಧರ್ಮದ ಬದಲಾವಣೆಗಳ ವಿರುದ್ಧ ಉತ್ತರದಲ್ಲಿ ಎದ್ದ 1536ರ ಮಹಾದಂಗೆ ‘ಪಿಲ್‌ಗ್ರಿಮೇಜ್ ಆಫ್ ಗ್ರೇಸ್’ನಲ್ಲಿ ಸೇರಿದ್ದಕ್ಕೆ ಆ ಶಿಕ್ಷೆ. ಮನೆತನದ ಪದವಿಯನ್ನು 1557ರಲ್ಲಿ ವಾಪಸ್ ಕೊಟ್ಟವಳು ಕ್ಯಾಥೊಲಿಕ್ ರಾಣಿ, ಎಲಿಜಬೆತ್‌ಳ ಅಕ್ಕ ಮೇರಿ ಟ್ಯೂಡರ್. ಎಲಿಜಬೆತ್ ಬಂದ ಮೇಲೆ ಅವನ ಕೈಯಿಂದ ಒಂದೊಂದೇ ಜಾರತೊಡಗಿತು. ಸ್ಕಾಟ್ಲೆಂಡ್ ಗಡಿಯ ನಡುಭಾಗದ ಕಾವಲಿನ ಹೊಣೆ 1560ರಲ್ಲಿ ಸರ್ ಜಾನ್ ಫಾರ್ಸ್ಟರ್ ಪಾಲಾಯಿತು. 1568ರಲ್ಲಿ ಪೂರ್ವ ಗಡಿಯನ್ನೂ ಬೆರಿಕ್ ಕೋಟೆಯನ್ನೂ ರಾಣಿ ತನ್ನ ಸಂಬಂಧಿ ಲಾರ್ಡ್ ಹನ್ಸ್‌ಡನ್‌ಗೆ ಒಪ್ಪಿಸಿದಳು. ಅದೇ ವರ್ಷ ಯಾರ್ಕ್‌ನಲ್ಲಿ ಉತ್ತರದ ಆಡಳಿತ ಮಂಡಳಿಗೆ ಅಧ್ಯಕ್ಷನಾಗಿ ಬಂದ ಸಸೆಕ್ಸ್ ಅರ್ಲ್ ಕೂಡ ಹೊರಗಿನವನೇ. ತಲೆತಲಾಂತರದಿಂದ ಗಡಿ ಕಾದ ಪರ್ಸಿ ಮನೆತನ ತನ್ನ ಸೀಮೆಯಲ್ಲೇ ಅಧಿಕಾರವಿಲ್ಲದೆ ಕೂತಿತು.

ಇದರ ಮೇಲೆ ತಾಮ್ರದ ಗಣಿಯ ಜಗಳ. ಕಂಬರ್ಲೆಂಡ್‌ನ ಕೆಸಿಕ್ ಊರಿನ ಹತ್ತಿರ, ನ್ಯೂಲ್ಯಾಂಡ್ಸ್ ಕಣಿವೆಯಲ್ಲಿ, ಪರ್ಸಿಯ ಜಮೀನಿನಲ್ಲಿ ಒಳ್ಳೆಯ ತಾಮ್ರ ಸಿಕ್ಕಿತು. ರಾಣಿಯ ಪರವಾನಗಿ ಪಡೆದ ಕಂಪನಿಯೊಂದು ಜರ್ಮನ್ ಗಣಿಗಾರರನ್ನು ಕರೆತಂದು ಅಗೆಯತೊಡಗಿತು. ನನ್ನ ನೆಲ, ನನ್ನ ಅದಿರು ಎಂದು ಪರ್ಸಿ ತಡೆದ. ವಿಷಯ ಕೋರ್ಟಿಗೆ ಹೋಯಿತು. 1568ರಲ್ಲಿ ತೀರ್ಪು ಬಂತು: ಅದಿರಿನಲ್ಲಿ ಚಿನ್ನ ಅಥವಾ ಬೆಳ್ಳಿ ಬೆರೆತಿದ್ದರೆ ಗಣಿ ರಾಣಿಯದು. ತಾಮ್ರವೂ ಹೋಯಿತು, ಪರಿಹಾರವೂ ಬರಲಿಲ್ಲ. ದಂಗೆಗೆ ಬರೀ ಒಂದು ವರ್ಷದ ಹಿಂದಿನ ಮಾತು ಇದು.

ಹಾಗಂತ ಪರ್ಸಿ ಧರ್ಮವನ್ನು ನೆಪ ಮಾಡಿಕೊಂಡ ಎಂದು ತೀರ್ಮಾನಿಸಬೇಡಿ. ಅವನು ಕ್ಯಾಥೊಲಿಕ್ ಧರ್ಮಸಭೆಗೆ ಮನಸಾರೆ ಮರಳಿದ್ದ. ಸೆರೆ ಸಿಕ್ಕ ಮೇಲೂ ನಂಬಿಕೆ ಬಿಡಲಿಲ್ಲ. 1572ರಲ್ಲಿ ಯಾರ್ಕ್‌ನಲ್ಲಿ ತಲೆ ಕೊಟ್ಟ. ಒಬ್ಬ ಮನುಷ್ಯನಲ್ಲಿ ಗಣಿಯ ಸಿಟ್ಟೂ ದೇವರ ಭಕ್ತಿಯೂ ಒಟ್ಟಿಗೇ ಇರಬಹುದು, ಅಲ್ವಾ? ಒಂದನ್ನು ಮುಂದಿಟ್ಟು ಇನ್ನೊಂದನ್ನು ಸುಳ್ಳು ಮಾಡುವ ಅಗತ್ಯವಿಲ್ಲ.

ವೆಸ್ಟ್‌ಮರ್ಲೆಂಡ್‌ನ ಆರನೇ ಅರ್ಲ್ ಚಾರ್ಲ್ಸ್ ನೆವಿಲ್‌ನದು ಬೇರೆ ದಾರಿ. ವಯಸ್ಸಿನಲ್ಲಿ ಚಿಕ್ಕವನು, ಕೈಯಲ್ಲಿ ಹಣ ಕಡಿಮೆ. ಬಿಷಪ್ ಪಿಲ್ಕಿಂಗ್ಟನ್‌ನ ಸೀಮೆಯಲ್ಲೇ ಅವನ ಕೋಟೆಗಳು, ಬ್ರಾನ್ಸ್‌ಪೆತ್ ಮತ್ತು ರೇಬಿ. ಹೆಂಡತಿ ಜೇನ್, ನಾರ್ಫೋಕ್ ಡ್ಯೂಕ್‌ನ ಸಹೋದರಿ. ದೆಹಲಿ ದರ್ಬಾರಿನಷ್ಟು ದೂರವಿದ್ದ ಲಂಡನ್ನಿನ ರಾಜಕೀಯ ಅವನ ಮನೆಯೊಳಗೆ ಬಂದದ್ದು ಈ ನಂಟಸ್ತಿಕೆಯಿಂದ.

ಹಂತ 5: ಮದುವೆಯ ಸಂಚು ಮತ್ತು ದಂಗೆ, ಎರಡನ್ನೂ ಬೆರೆಸಬೇಡಿ

1568ರ ಮೇ 13ರಂದು ಸ್ಕಾಟ್ಲೆಂಡಿನ ಲ್ಯಾಂಗ್‌ಸೈಡ್ ಯುದ್ಧದಲ್ಲಿ ಸೋತ ಮೇರಿ ಮೇ 16ರಂದು ಮೀನುಗಾರರ ದೋಣಿಯಲ್ಲಿ ಸಾಲ್ವೆ ಕೊಲ್ಲಿ ದಾಟಿ ವರ್ಕಿಂಗ್ಟನ್‌ನಲ್ಲಿ ಇಳಿದಳು. ಅಲ್ಲಿಂದ ಕಾರ್ಲೈಲ್ ಕೋಟೆಗೆ. ಪರ್ಸಿ ಕುದುರೆ ಏರಿ ಬಂದು, ಇವಳನ್ನು ನನ್ನ ವಶಕ್ಕೆ ಕೊಡಿ ಎಂದ. ಕೊಡಲಿಲ್ಲ. ನಂತರ ಎಲಿಜಬೆತ್‌ಳ ಕಾವಲಿನಲ್ಲೇ ಅವಳನ್ನು ಯಾರ್ಕ್‌ಶೈರ್‌ನ ಬೋಲ್ಟನ್ ಕೋಟೆಗೆ, 1569ರ ಆರಂಭದಲ್ಲಿ ಇನ್ನೂ ದಕ್ಷಿಣಕ್ಕೆ ಟಟ್‌ಬರಿಗೆ ಸಾಗಿಸಿದರು. ಬೋಲ್ಟನ್‌ನಲ್ಲಿದ್ದ ತಿಂಗಳುಗಳಲ್ಲಿ ಸುತ್ತಲಿನ ಕ್ಯಾಥೊಲಿಕ್ ಮನೆತನಗಳಿಗೆ ಅವಳು ಕೂಗಳತೆಯಲ್ಲಿದ್ದಳು.

ಇತ್ತ ದರ್ಬಾರಿನಲ್ಲಿ ಇನ್ನೊಂದು ಲೆಕ್ಕಾಚಾರ ನಡೆದಿತ್ತು. ಮೇರಿಯನ್ನು ನಾರ್ಫೋಕ್ ಡ್ಯೂಕ್‌ಗೆ ಮದುವೆ ಮಾಡಿಸಿದರೆ ವಾರಸುದಾರಿಕೆ ಬಗೆಹರಿಯುತ್ತದೆ, ರಾಣಿಯ ಮಂತ್ರಿ ವಿಲಿಯಂ ಸೆಸಿಲ್‌ನ ಹಿಡಿತ ಸಡಿಲವಾಗುತ್ತದೆ. ಲೆಸ್ಟರ್, ಅರಂಡೆಲ್, ಪೆಂಬ್ರೋಕ್ ಅರ್ಲ್‌ಗಳು ಇದಕ್ಕೆ ಕೈಜೋಡಿಸಿದ್ದರು. ಇವರ ಗುರಿ ಎಲಿಜಬೆತ್‌ಳನ್ನು ಇಳಿಸುವುದಾಗಿರಲಿಲ್ಲ. ನಾರ್ಫೋಕ್ ಸ್ವತಃ ಪ್ರೊಟೆಸ್ಟೆಂಟ್.

ಆದ್ದರಿಂದಲೇ ಪರ್ಸಿಗೆ ಈ ಮದುವೆ ಇಷ್ಟವಿರಲಿಲ್ಲ. ಮೇರಿಗೆ ಕ್ಯಾಥೊಲಿಕ್ ಗಂಡನೇ ಆಗಬೇಕು ಎಂಬುದು ಅವನ ಮನಸ್ಸು. ನೆವಿಲ್‌ಗೆ ಮಾತ್ರ ಭಾವನ ಮದುವೆ ಸ್ವಂತ ವಿಷಯ. ಒಂದೇ ಮೇರಿಯ ಸುತ್ತ ಮೂರು ಬೇರೆಬೇರೆ ಆಸೆಗಳು ಸೇರಿಕೊಂಡಿದ್ದವು. ಉತ್ತರ ಬರೆಯುವಾಗ ಇವನ್ನು ಬಿಡಿಸಿ ತೋರಿಸಿದರೆ ಸಾಕು, ನಿಮ್ಮ ಬರಹ ಮಾಮೂಲಿ ಉತ್ತರಗಳಿಂದ ಮೇಲೇಳುತ್ತದೆ.

ಹಂತ 6: ಹೊರಗಿನ ನೆರವು, ಭರವಸೆಯಾಗಿ ಮಾತ್ರ

ಹಣದ ಹಡಗುಗಳ ಜಗಳದಿಂದ ಸ್ಪೇನ್ ಮತ್ತು ಇಂಗ್ಲೆಂಡ್ ವ್ಯಾಪಾರ ನಿಲ್ಲಿಸಿಕೊಂಡಿದ್ದವು. ಲಂಡನ್ನಿನಲ್ಲಿದ್ದ ಸ್ಪೇನ್ ರಾಯಭಾರಿ ಡಿ ಸ್ಪೆಸ್ ಎಲ್ಲರಿಗೂ ಆಸೆ ಹುಟ್ಟಿಸುತ್ತಿದ್ದ. ನೆದರ್ಲೆಂಡ್ಸ್‌ನಲ್ಲಿ ಸೈನ್ಯ ಇಟ್ಟುಕೊಂಡಿದ್ದ ಆಲ್ಬಾ ಡ್ಯೂಕ್‌ಗೆ ಈ ಸಾಹಸದಲ್ಲಿ ನಂಬಿಕೆ ಇರಲಿಲ್ಲ. ರೋಮ್‌ನಿಂದ ಬಂದ ಪಾದ್ರಿ ನಿಕೋಲಸ್ ಮಾರ್ಟನ್ 1569ರಲ್ಲಿ ಉತ್ತರದ ಮನೆಮನೆಗೆ ಹೋಗಿ ಬಹಿಷ್ಕಾರ ಬರಲಿದೆ ಎಂಬ ಮಾತು ಹರಡಿದ. ದಂಗೆಕೋರರು ಹಾರ್ಟ್ಲ್‌ಪೂಲ್ ಬಂದರನ್ನು ಹಿಡಿದದ್ದು ಸ್ಪೇನ್‌ನ ಹಡಗುಗಳು ಬರುತ್ತವೆ ಎಂದು. ಒಂದೂ ಬರಲಿಲ್ಲ. ಬಂದ ಸೈನ್ಯಕ್ಕಿಂತ ಬರುತ್ತದೆ ಎಂಬ ನಂಬಿಕೆಯೇ ಇಲ್ಲಿ ಕಾರಣ.

ಹಂತ 7: ಕೊನೆಯ ಏಳೆಂಟು ವಾರಗಳನ್ನು ದಿನದಿನವಾಗಿ ಓದಿ

‘ಯಾಕೆ ಆಗ’ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಸೆಪ್ಟೆಂಬರ್‌ನಲ್ಲಿ ಮದುವೆಯ ಗುಟ್ಟು ರಾಣಿಗೆ ತಿಳಿಯಿತು. ನಾರ್ಫೋಕ್ ಅಪ್ಪಣೆ ಇಲ್ಲದೆ ದರ್ಬಾರು ಬಿಟ್ಟು ತನ್ನ ಊರು ಕೆನಿಂಗ್‌ಹಾಲ್‌ಗೆ ಹೋದ. ಡ್ಯೂಕ್ ಏಳುತ್ತಾನೆ ಎಂದು ಉತ್ತರದವರು ಕಾದರು. ಅವನು ಏಳಲಿಲ್ಲ. ನೆವಿಲ್‌ಗೆ ಹೇಳಿ ಕಳಿಸಿದ: ನೀವು ಎದ್ದರೆ ನನ್ನ ತಲೆ ಹೋಗುತ್ತದೆ. ಆಮೇಲೆ ರಾಣಿಯ ಕರೆಗೆ ಓಗೊಟ್ಟು ಹೊರಟ. ಅಕ್ಟೋಬರ್‌ನಲ್ಲಿ ಲಂಡನ್ನಿನ ಟವರ್ ಕೋಟೆಯ ಸೆರೆ ಸೇರಿದ.

ದಂಗೆ ಅಲ್ಲಿಗೇ ನಿಲ್ಲಬಹುದಿತ್ತು. ಇಬ್ಬರೂ ಅರ್ಲ್‌ಗಳು ಯಾರ್ಕ್‌ಗೆ ಬಂದು ಸಸೆಕ್ಸ್ ಮುಂದೆ ತಮ್ಮ ನಿಷ್ಠೆ ಹೇಳಿ ಹೋದರು. ಸುಮ್ನೆ ಬಿಟ್ಟರೆ ಚಳಿಗಾಲದಲ್ಲಿ ಗಾಳಿಸುದ್ದಿ ತಾನಾಗಿ ತಣ್ಣಗಾಗುತ್ತದೆ ಎಂಬುದು ಸಸೆಕ್ಸ್‌ನ ಲೆಕ್ಕ. ಎಲಿಜಬೆತ್ ಒಪ್ಪಲಿಲ್ಲ. ಇಬ್ಬರೂ ದರ್ಬಾರಿಗೆ ಬರಬೇಕು ಎಂದು ಆಜ್ಞೆ ಮಾಡಿದಳು. ಡ್ಯೂಕ್‌ನಂಥ ಡ್ಯೂಕ್ ಹೋಗಿ ಟವರ್ ಸೇರಿದ್ದನ್ನು ಕಂಡವರಿಗೆ ಆ ಆಜ್ಞೆ ಹೇಗೆ ಕೇಳಿಸಿರಬೇಕು ಯೋಚಿಸಿ. ಪರ್ಸಿಗಂತೂ ತಂದೆಯ ನೆನಪೇ ಸಾಕಿತ್ತು.

ನವೆಂಬರ್ 9ರ ರಾತ್ರಿ ಪರ್ಸಿ ಯಾರ್ಕ್‌ಶೈರ್‌ನ ಟಾಪ್‌ಕ್ಲಿಫ್ ಮನೆಯಲ್ಲಿದ್ದ. ನಡುರಾತ್ರಿಯಲ್ಲಿ ಊರಿನ ಗಂಟೆ ಅಡ್ಡಾದಿಡ್ಡಿ ಬಾರಿಸತೊಡಗಿತು. ಹಿಡಿಯಲು ಬಂದರು ಎಂದು ಆಳುಗಳು ಎಬ್ಬಿಸಿದರು. ಅವನು ಕತ್ತಲಲ್ಲೇ ಬ್ರಾನ್ಸ್‌ಪೆತ್‌ಗೆ ಓಡಿದ. ಅಲ್ಲಿ ನೆವಿಲ್ ಜೊತೆ ರಿಚರ್ಡ್ ನಾರ್ಟನ್, ಥಾಮಸ್ ಮಾರ್ಕೆನ್‌ಫೀಲ್ಡ್ ಮುಂತಾದ ಬಿಸಿರಕ್ತದ ಕ್ಯಾಥೊಲಿಕರು ಸೇರಿದ್ದರು. ಆಗಲೂ ಮನಸ್ಸು ಹೊಯ್ದಾಡುತ್ತಿತ್ತು. ಎಲ್ಲ ಬಿಟ್ಟು ಚದುರಿ ಹೋಗೋಣ ಎನ್ನುವ ಮಾತಾಯಿತು. ಆಗ ನೆವಿಲ್‌ನ ಹೆಂಡತಿ ಜೇನ್ ಕಣ್ಣೀರಿಡುತ್ತಾ ಹೇಳಿದ್ದನ್ನು ಪರ್ಸಿ ಸೆರೆಯಲ್ಲಿ ನೆನಪಿಸಿಕೊಂಡಿದ್ದಾನೆ: ಕೊನೆಗೆ ನಾವು ಬಿಲ ಹುಡುಕಿ ತೂರಿಕೊಳ್ಳುವುದಾದರೆ ನಮಗೂ ನಮ್ಮ ಸೀಮೆಗೂ ಎಂದೆಂದಿಗೂ ನಾಚಿಕೆಗೇಡು. ಅದಾಗಿ ಕೆಲವೇ ದಿನಕ್ಕೆ ಅವರು ಡರ್ಹಮ್‌ನಲ್ಲಿದ್ದರು.

ನನ್ನ ಮಟ್ಟಿಗೆ ಕಿಡಿ ಹೊತ್ತಿಸಿದ್ದು ಭಯ. ರಾಣಿಯ ಆಜ್ಞೆ ಎರಡು ವಾರ ತಡವಾಗಿದ್ದರೆ ಈ ದಂಗೆ ಆಗುತ್ತಿತ್ತು ಎಂದು ಹೇಳಲಾರೆ. ಆದರೆ ಭಯ ಆರು ಸಾವಿರ ಜನರನ್ನು ಒಟ್ಟುಗೂಡಿಸುವುದಿಲ್ಲ. ಅರ್ಲ್‌ಗಳು ಎದ್ದದ್ದಕ್ಕೆ ಒಂದು ಕಾರಣ, ಜನ ಹಿಂದೆ ಬಂದದ್ದಕ್ಕೆ ಇನ್ನೊಂದು.

ಹಂತ 8: ಘೋಷಣೆಯಲ್ಲಿ ಇರುವುದನ್ನೂ ಇಲ್ಲದ್ದನ್ನೂ ಓದಿ

ಅರ್ಲ್‌ಗಳು ಹೊರಡಿಸಿದ ಘೋಷಣೆ ‘ನಾವು ರಾಣಿಯ ನಿಷ್ಠಾವಂತ ಪ್ರಜೆಗಳು’ ಎಂದೇ ಶುರುವಾಗುತ್ತದೆ. ರಾಣಿಯ ಸುತ್ತ ಹೊಸದಾಗಿ ಮೇಲೆ ಬಂದವರು ಹಳೆಯ ಮನೆತನಗಳನ್ನು ತುಳಿಯುತ್ತಿದ್ದಾರೆ, ಹನ್ನೆರಡು ವರ್ಷದಿಂದ ಹೊಸ ಧರ್ಮವನ್ನು ಹೇರಿದ್ದಾರೆ, ನಾವೇ ಸರಿಪಡಿಸದಿದ್ದರೆ ಪರದೇಶದವರು ಬಂದು ಸರಿಪಡಿಸುತ್ತಾರೆ ಎನ್ನುತ್ತದೆ. ಮೇರಿಯ ಹೆಸರಿಲ್ಲ. ಆಮೇಲೆ ಬಂದ ಇನ್ನೊಂದು ಘೋಷಣೆ ವಾರಸುದಾರಿಕೆಯ ವಿಷಯ ಎತ್ತಿತು. ಅಲ್ಲೂ ಮೇರಿಯ ಹೆಸರು ಎತ್ತಲಿಲ್ಲ.

ಯಾಕೆ? ಹೆಸರು ಹೇಳಿದರೆ ನೇರ ರಾಜದ್ರೋಹ. ಮೇರಿಯ ಕಾವಲುಗಾರರು ಗಾಬರಿಬಿದ್ದು ಅವಳ ಜೀವಕ್ಕೇ ಕುತ್ತು ತರಬಹುದು. ಜೊತೆಗೆ, ಊರ ಜನರನ್ನು ಕರೆಯಲು ಸ್ಕಾಟ್ಲೆಂಡಿನ ರಾಣಿಯ ಹೆಸರು ಸೂಕ್ತವೂ ಅಲ್ಲ. ಗಡಿಯಲ್ಲಿ ಸ್ಕಾಟರ ಕೈಯಲ್ಲಿ ದನ ಕಳೆದುಕೊಂಡವರಿಗೆ ಅವಳ ಮೇಲೆ ಪ್ರೀತಿ ಇರಬೇಕಾಗಿರಲಿಲ್ಲ. ಜನರ ಮುಂದೆ ಹಿಡಿದದ್ದು ಕ್ರಿಸ್ತನ ಐದು ಗಾಯಗಳ ಧ್ವಜ. 1536ರಲ್ಲಿ ಹಾರಿದ್ದೂ ಅದೇ ಗುರುತು. ಈಗ ಅದನ್ನು ಹೊತ್ತವನು ಎಪ್ಪತ್ತು ದಾಟಿದ ರಿಚರ್ಡ್ ನಾರ್ಟನ್, ಅಂದಿನ ದಂಗೆಯಲ್ಲೂ ಇದ್ದ ಮನುಷ್ಯ.

ಮೇರಿ ಮನಸ್ಸಿನಲ್ಲಿ ಇರಲೇ ಇಲ್ಲ ಎಂದೂ ಅಲ್ಲ. ಸೈನ್ಯ ದಕ್ಷಿಣಕ್ಕೆ ನಡೆದು ಬ್ರಾಮ್‌ಹಮ್ ಬಯಲಿನ ತನಕ ಬಂತು. ಅವಳನ್ನು ಬಿಡಿಸುವ ಆಸೆ ಇತ್ತು. ಸರ್ಕಾರ ಅವಳನ್ನು ಟಟ್‌ಬರಿಯಿಂದ ಇನ್ನೂ ದೂರ ಕೊವೆಂಟ್ರಿಗೆ ಸಾಗಿಸಿತು. ಸೈನ್ಯ ಹಿಂದಿರುಗಿತು.

ಹಂತ 9: ಏಳದವರ ಪಟ್ಟಿ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಲ್ಯಾಂಕಾಶೈರ್‌ನ ದೊಡ್ಡ ಮನೆಯ ಡರ್ಬಿ ಅರ್ಲ್ ರಾಣಿಯ ಕಡೆ ನಿಂತ. ಕಂಬರ್ಲೆಂಡ್ ಅರ್ಲ್ ಕದಲಲಿಲ್ಲ. ಉತ್ತರದ ಇನ್ನೊಂದು ದೊಡ್ಡ ಮನೆತನದ ಲಿಯೊನಾರ್ಡ್ ಡೇಕರ್‌ಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟಿತ್ತು. ಅವನ ಅಣ್ಣನ ಮಗ ಬಾಲಕನಾಗಿದ್ದಾಗಲೇ 1569ರಲ್ಲಿ ಮರದ ಕುದುರೆಯಿಂದ ಬಿದ್ದು ಸತ್ತ. ಆಸ್ತಿ ಆ ಹುಡುಗನ ಅಕ್ಕತಂಗಿಯರ ಪಾಲಾಯಿತು. ಆ ಹುಡುಗಿಯರು ನಾರ್ಫೋಕ್ ಡ್ಯೂಕ್‌ನ ಪಾಲನೆಯಲ್ಲಿದ್ದರು, ಅವರನ್ನು ಡ್ಯೂಕ್ ತನ್ನ ಮಕ್ಕಳಿಗೇ ತಂದುಕೊಂಡ. ಆದರೂ ಡೇಕರ್ ನವೆಂಬರ್‌ನಲ್ಲಿ ಅರ್ಲ್‌ಗಳ ಜೊತೆ ಸೇರಲಿಲ್ಲ. 1570ರ ಫೆಬ್ರವರಿಯಲ್ಲಿ ಒಬ್ಬನೇ ಎದ್ದು ಗೆಲ್ಟ್ ಹೊಳೆಯ ಹತ್ತಿರ ಹನ್ಸ್‌ಡನ್ ಕೈಯಲ್ಲಿ ಸೋತ.

ಇದರಿಂದ ತಿಳಿಯುವುದೇನೆಂದರೆ, ಸಿಟ್ಟಿದ್ದವರೆಲ್ಲ ಏಳುವುದಿಲ್ಲ, ಕ್ಯಾಥೊಲಿಕರೆಲ್ಲ ಏಳುವುದಿಲ್ಲ. ಸಿಟ್ಟು, ನಂಬಿಕೆ, ಪ್ರಾಣಭಯ ಮೂರೂ ಒಂದೇ ವಾರದಲ್ಲಿ ಕೂಡಿದ್ದು ಪರ್ಸಿ ಮತ್ತು ನೆವಿಲ್‌ಗೆ ಮಾತ್ರ.

ಹಂತ 10: ಶಿಕ್ಷೆಯ ಲೆಕ್ಕವನ್ನೂ ಓದಿ

ದಂಗೆಯಲ್ಲಿ ಯಾರಿದ್ದರು ಎನ್ನುವುದು ಶಿಕ್ಷೆಯ ಕಾಗದಗಳಲ್ಲೂ ಸಿಗುತ್ತದೆ. ಸುಮಾರು 700 ಜನರನ್ನು ನೇಣಿಗೆ ಹಾಕಬೇಕು ಎಂಬ ಆಜ್ಞೆ ಬಂತು. ಊರೂರಿಗೆ ಇಷ್ಟಿಷ್ಟು ಎಂದು ಪಾಲು ಹಂಚಿದರು. ಬಾರ್ನಾರ್ಡ್ ಕೋಟೆಯಲ್ಲಿ ದಂಗೆಕೋರರ ಮುತ್ತಿಗೆ ಎದುರಿಸಿದ್ದ ಸರ್ ಜಾರ್ಜ್ ಬೌಸ್ 1570ರ ಜನವರಿಯಲ್ಲಿ ಊರಿಂದೂರಿಗೆ ತಿರುಗಿ ನೇಣು ಹಾಕಿಸಿದ. ಎಷ್ಟು ಜನ ಸತ್ತರು ಎಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಆಸ್ತಿ ಇದ್ದವರನ್ನು ಹೀಗೆ ಮಿಲಿಟರಿ ಕಾನೂನಿನಲ್ಲಿ ಕೊಲ್ಲಬೇಡಿ ಎಂದು ಹೇಳಲಾಗಿತ್ತು. ಕೋರ್ಟಿನಲ್ಲಿ ಶಿಕ್ಷೆಯಾದರೆ ಮಾತ್ರ ಅವರ ಜಮೀನು ರಾಣಿಗೆ ಬರುತ್ತದೆ, ಅದಕ್ಕೆ. ಹಾಗಾಗಿ ನೇಣುಗಂಬಕ್ಕೆ ಹೋದವರು ಬಹುತೇಕ ಬಡ ರೈತರು, ಕೂಲಿಗಳು. ನೆವಿಲ್ ನೆದರ್ಲೆಂಡ್ಸ್‌ನಲ್ಲಿ 1601ರ ತನಕ ಬದುಕಿದ. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಲಿಪೀಠದ ಕಲ್ಲನ್ನು ಎಳೆದ ಕೈಗಳಿಗೆ ಓಡಿಹೋಗಲು ಕುದುರೆ ಇರಲಿಲ್ಲ.

ಈ ಬಡವರೆಲ್ಲ ಒಡೆಯರ ಮಾತಿಗೆ ಎದ್ದರು ಎಂದು ಹಿಂದೆ ಬರೆಯುತ್ತಿದ್ದರು. ದಾಖಲೆಗಳನ್ನು ಹತ್ತಿರದಿಂದ ನೋಡಿದ ಮೇಲೆ ಆ ಮಾತು ಸಡಿಲವಾಗಿದೆ. ಸೇರಿದವರಲ್ಲಿ ಅನೇಕರು ಈ ಅರ್ಲ್‌ಗಳ ಒಕ್ಕಲುಗಳೇ ಅಲ್ಲ. ಕೆಲವರು ಬೆದರಿಕೆಗೆ ಬಂದರು, ಕೆಲವರು ದಿನಗೂಲಿಗೆ ಬಂದರು. ಆದರೆ ಕೆಥೆಡ್ರಲ್‌ನಲ್ಲಿ ಪಾದ್ರಿ ವಿಲಿಯಂ ಹೋಮ್ಸ್ ಮುಂದೆ ಮಂಡಿಯೂರಿ ಪಾಪಕ್ಷಮೆ ಪಡೆದ ಜನರನ್ನು ಯಾರೂ ಕೂಲಿ ಕೊಟ್ಟು ಕರೆತಂದಿರಲಿಲ್ಲ.

ಹಂತ 11: ಬರೆಯುವಾಗ

ಧಾರ್ಮಿಕ, ರಾಜಕೀಯ, ಆರ್ಥಿಕ ಎಂದು ಮೂರು ಡಬ್ಬಿ ಮಾಡಿ ತುಂಬಬೇಡಿ. ಅರ್ಲ್‌ಗಳಿಗೆ ಒಂದು ಭಾಗ, ಜನರಿಗೆ ಒಂದು ಭಾಗ ಕೊಡಿ. ಅರ್ಲ್‌ಗಳ ಭಾಗದಲ್ಲಿ ಕಳೆದುಹೋದ ಅಧಿಕಾರದಿಂದ ಶುರು ಮಾಡಿ ಅಕ್ಟೋಬರ್‌ನ ಆಜ್ಞೆಗೆ ಬನ್ನಿ. ಜನರ ಭಾಗದಲ್ಲಿ ಡರ್ಹಮ್‌ನ ಡೀನ್‌ನಿಂದ ಶುರು ಮಾಡಿ ಸೆಡ್ಜ್‌ಫೀಲ್ಡ್‌ಗೆ ಬನ್ನಿ. ಮೇರಿಯನ್ನು ಎರಡರ ನಡುವೆ ಇಡಿ. ಅವಳು ಬಾರದೆ ಇದ್ದಿದ್ದರೆ ಅರ್ಲ್‌ಗಳ ಮೇಲೆ ಸಂಶಯವೇ ಬರುತ್ತಿರಲಿಲ್ಲ, ಸಂಶಯ ಬರದಿದ್ದರೆ ಆಜ್ಞೆ ಬರುತ್ತಿರಲಿಲ್ಲ.

ಅಭ್ಯಾಸಕ್ಕೆ ಇನ್ನೊಂದು ದಂಗೆಯನ್ನು ಇದೇ ರೀತಿ ಬಿಡಿಸಿ ನೋಡಿ. 1715ರಲ್ಲಿ ಅದೇ ನಾರ್ತಂಬರ್ಲೆಂಡ್‌ನಲ್ಲಿ ಕ್ಯಾಥೊಲಿಕ್ ಅರ್ಲ್ ಆಫ್ ಡರ್ವೆಂಟ್‌ವಾಟರ್ ಪ್ರೊಟೆಸ್ಟೆಂಟ್ ರಾಜ ಮೊದಲನೇ ಜಾರ್ಜ್ ವಿರುದ್ಧ, ಸಿಂಹಾಸನಕ್ಕೆ ಹಕ್ಕು ಹೇಳುತ್ತಿದ್ದ ಕ್ಯಾಥೊಲಿಕ್ ಜೇಮ್ಸ್ ಸ್ಟುವರ್ಟ್ ಪರವಾಗಿ ಎದ್ದ. ಆದರೆ ಅಲ್ಲಿ ಮುಂದಾಳು ಥಾಮಸ್ ಫಾರ್ಸ್ಟರ್ ಪ್ರೊಟೆಸ್ಟೆಂಟ್. ಡರ್ವೆಂಟ್‌ವಾಟರ್ ಮನೆಬಿಟ್ಟು ಹೊರಟದ್ದು ತನ್ನ ಬಂಧನಕ್ಕೆ ವಾರಂಟ್ ಹೊರಟಿದೆ ಎಂದು ತಿಳಿದ ಮೇಲೆ. ಆ ವಾರಂಟ್‌ನಿಂದಲೇ ನಿಮ್ಮ ತಾರೀಖುಗಳ ಹಾಳೆ ಶುರು ಮಾಡಿ.